ಯಂತ್ರ ಬಂತು, ಮಾತು ಬರಲಿಲ್ಲ

‘ಪೀರಿಯಡ್. ಎಂಡ್ ಆಫ್ ಸೆಂಟೆನ್ಸ್.’ ಎಂಬ ಸಾಕ್ಷ್ಯಚಿತ್ರ 2019ರಲ್ಲಿ ಆಸ್ಕರ್ ಪ್ರಶಸ್ತಿ ಪಡೆದಾಗ ನಮ್ಮ ದೇಶದಲ್ಲಿ ಅನೇಕರು ಹಿಗ್ಗಿದರು. ನೋಡಿದವರು ಮಾತ್ರ ಅಷ್ಟು ಮಂದಿ ಇರಲಾರರು. ರೇಕಾ ಜೆಹ್ತಾಬ್ಚಿ ನಿರ್ದೇಶಿಸಿದ ಈ ಚಿತ್ರ ಅರ್ಧ ಗಂಟೆಯನ್ನೂ ಮೀರುವುದಿಲ್ಲ. ದೆಹಲಿಗೆ ದೂರವಲ್ಲದ ಹಾಪುಡ್ ಜಿಲ್ಲೆಯ ಕಾಠಿಖೇಡಾ ಗ್ರಾಮಕ್ಕೆ ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ಅವರ ಅಗ್ಗದ ಪ್ಯಾಡ್ ತಯಾರಿಕಾ ಯಂತ್ರ ಬರುತ್ತದೆ. ಹೆಂಗಸರು ಅದನ್ನು ನಡೆಸಲು ಕಲಿತು, ‘ಫ್ಲೈ’ ಎಂಬ ಹೆಸರಿನಲ್ಲಿ ಪ್ಯಾಡ್ ಮಾರಿ, ನಾಲ್ಕು ಕಾಸು ಸಂಪಾದಿಸುತ್ತಾರೆ. ಕಥೆ ಇಷ್ಟೇ.

ಚಿತ್ರದ ಮೊದಲ ಭಾಗ ಬಹಳ ಚೆನ್ನಾಗಿದೆ. ಮುಟ್ಟು ಎಂದರೇನೆಂದು ಕೇಳಿದೊಡನೆ ಹುಡುಗಿಯರು ನಾಚಿ ತಲೆ ತಗ್ಗಿಸುತ್ತಾರೆ. ಹುಡುಗನೊಬ್ಬ ಅದೊಂದು ರೋಗವೆಂದು ಕೇಳಿದ್ದಾನೆ. ಇದನ್ನು ಕಂಡು ಉತ್ತರ ಪ್ರದೇಶದ ಹಳ್ಳಿಯವರನ್ನು ನೋಡಿ ನಗುವ ಹಕ್ಕು ನಮಗಿಲ್ಲ. ನಾವು ‘ಹೊರಗಾಗಿದ್ದಾಳೆ’ ಎನ್ನುತ್ತೇವೆ. ನೆರೆಮನೆಯ ಮರಾಠಿಯವರು ಕಾಗೆ ಮುಟ್ಟಿತೆನ್ನುತ್ತಾರೆ. ಊರು ಬಿಟ್ಟು ಮುಂಬಯಿಗೆ ಬಂದರೂ ಆ ಮಾತನ್ನು ನೇರವಾಗಿ ಆಡಲು ನಾವಿನ್ನೂ ಕಲಿತಿಲ್ಲ.

ನಮ್ಮ ಆಕ್ಷೇಪ ಎರಡನೆಯ ಭಾಗದ ಬಗ್ಗೆ. ಯಂತ್ರ ಬಂದೊಡನೆ ಚಿತ್ರ ಅದರ ಹಿಂದೆಯೇ ಹೋಗಿಬಿಡುತ್ತದೆ. ತಯಾರಿಕೆ, ಮಾರಾಟ, ಸಂಪಾದನೆ, ಕೊನೆಗೆ ಗೆಲುವು. ಪ್ಯಾಡ್ ಸಿಕ್ಕಿತು, ಕಷ್ಟ ತೀರಿತು ಎಂಬ ಭಾವನೆ ನೋಡುವವರಲ್ಲಿ ಉಳಿಯುತ್ತದೆ. ಆ ಘಟಕದಲ್ಲಿ ದುಡಿದ ತರುಣಿಯೊಬ್ಬಳು 2019ರಲ್ಲಿ ಬಿಬಿಸಿಗೆ ಹೇಳಿದ ಮಾತು ಬೇರೆಯೇ ಕಥೆ ಹೇಳುತ್ತದೆ. ಮಕ್ಕಳ ಡೈಪರ್ ಮಾಡುವ ಕೆಲಸವೆಂದು ಆಕೆ ತಂದೆಗೆ ಹೇಳಿದ್ದಳು. ದಿನವೆಲ್ಲ ಪ್ಯಾಡ್ ಮಾಡುವ ಜಾಗದಲ್ಲಿ ದುಡಿದು ಬಂದವಳಿಗೂ ಮನೆಯಲ್ಲಿ ಅದರ ಹೆಸರೆತ್ತುವ ಧೈರ್ಯವಿರಲಿಲ್ಲ! ಪ್ಯಾಡ್ ಬಟ್ಟೆಯ ಚಿಂತೆಯನ್ನು ಕಳೆಯಬಲ್ಲದು. ಬಚ್ಚಿಡುವ ಚಿಂತೆಯನ್ನು ಕಳೆಯಲಾರದು.

ಕೆಲಸಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳ ಸ್ಥಿತಿಯೂ ಇದೇ. ಅವರಿಗೆ ಪ್ಯಾಡಿನ ಕೊರತೆಯಿಲ್ಲ. ಡೊಂಬಿವಲಿಯಿಂದ ಲೋಕಲ್ ಹಿಡಿದು, ನಿಂತೇ ಪ್ರಯಾಣ ಮಾಡಿ, ಹೊಟ್ಟೆ ಹಿಂಡುವ ನೋವಿನಲ್ಲಿ ಕಚೇರಿಯ ಕುರ್ಚಿಯಲ್ಲಿ ಕೂರುತ್ತಾರೆ. ರಜೆ ಬೇಕಾದರೆ ಅರ್ಜಿಯಲ್ಲಿ ‘ಜ್ವರ’ ಎಂದು ಬರೆಯುತ್ತಾರೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆದು ತೀವ್ರ ನೋವು ಕೊಡುವ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆ, ಹೆರುವ ವಯಸ್ಸಿನ ಸುಮಾರು ಶೇಕಡ 10 ಮಂದಿಯಲ್ಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇನ್ನು ಕೆಲವರಿಗೆ ಮುಟ್ಟಿನ ಹಿಂದಿನ ದಿನಗಳಲ್ಲಿ ಮನಸ್ಸು ತೀರ ಕುಸಿಯುತ್ತದೆ. ಇದರ ಉಗ್ರ ರೂಪವನ್ನು 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಖಿನ್ನತೆಯ ಕಾಯಿಲೆಗಳ ಜೊತೆ ಸೇರಿಸಿತು. ಮನೆಯಲ್ಲಿ ನಾವು ಅದನ್ನು ‘ಸಿಡುಕು’ ಎಂದು ತಳ್ಳಿಹಾಕುತ್ತೇವೆ. ನೋವಿನ ಮೇಲೆ ಸುಳ್ಳಿನ ಭಾರವೂ ಸೇರಿದರೆ ಮನಸ್ಸು ಎಷ್ಟೆಂದು ತಾಳೀತು? ಈ ಪ್ರಶ್ನೆಯನ್ನು ಚಿತ್ರ ಕೇಳಬೇಕಿತ್ತು.

ಸರ್ಕಾರಗಳು ಏನೂ ಮಾಡಿಲ್ಲವೆಂದಲ್ಲ. ಬಿಹಾರ 1992ರಲ್ಲೇ ಸರ್ಕಾರಿ ನೌಕರಿಯ ಮಹಿಳೆಯರಿಗೆ ತಿಂಗಳಿಗೆ 2 ದಿನ ರಜೆ ಕೊಟ್ಟಿತು. 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ತಿಂಗಳಿಗೆ 1 ದಿನದಂತೆ ವರ್ಷಕ್ಕೆ 12 ದಿನ ಸಂಬಳಸಹಿತ ರಜೆಗೆ ಒಪ್ಪಿಗೆ ನೀಡಿತು. ಮುಂದಿನ ತಿಂಗಳ ಆದೇಶ ವೈದ್ಯರ ಪ್ರಮಾಣಪತ್ರವನ್ನೂ ಕೇಳಲಿಲ್ಲ. ತವರು ನಾಡಿನ ಈ ಹೆಜ್ಜೆ ಅಭಿಮಾನಪಡುವಂಥದು, ಮುಂಬಯಿಯ ಕಚೇರಿಗೆ ಅದು ಅನ್ವಯಿಸದಿದ್ದರೂ. ಆದರೆ ಅಲ್ಲಿಯೂ ರಜೆ ಪಡೆಯುವವಳು ಮೇಲಧಿಕಾರಿಯ ಮುಂದೆ ಬಾಯಿ ಬಿಡಲೇಬೇಕು. ಹೇಳಲು ನಾಚುವವಳಿಗೆ, ಕೇಳಿ ಮುಸಿಮುಸಿ ನಗುವವರ ನಡುವೆ ದುಡಿಯುವವಳಿಗೆ, ಆ 12 ದಿನಗಳು ಕಾಗದದ ಮೇಲೆಯೇ ಉಳಿದಾವು.

ಕಾಠಿಖೇಡಾದ ಆ ತರುಣಿಯ ಕಥೆಯಲ್ಲಿ ಇನ್ನೊಂದು ಮಾತಿದೆ. ಎರಡು ತಿಂಗಳ ನಂತರ ತಾಯಿಯೇ ನಿಜ ಹೇಳಿದಳು. ತಂದೆ ಕೂಗಾಡಲಿಲ್ಲ, ಕೆಲಸ ಕೆಲಸವೇ ಎಂದು ಒಪ್ಪಿಕೊಂಡ. ಅಷ್ಟು ದಿನದ ಭಯ ಒಂದೇ ಮಾತಿಗೆ ಕರಗಿತು. ನಮ್ಮ ದೃಷ್ಟಿಯಲ್ಲಿ ಚಿತ್ರ ತಂಗಬೇಕಾಗಿದ್ದುದು ಇಲ್ಲಿ, ಯಂತ್ರದ ಮುಂದಲ್ಲ.

ಈ ಕೊರತೆಯಿದ್ದರೂ ಇದು ನೋಡಲೇಬೇಕಾದ ಚಿತ್ರ. ನಮ್ಮ ಸಂಘದ ಮಹಿಳಾ ವಿಭಾಗ ಒಂದು ಭಾನುವಾರ ಇದನ್ನು ತೋರಿಸಿ, ವೈದ್ಯೆಯೊಬ್ಬರನ್ನು ಕರೆಸಿ ಮಾತಾಡಿಸಿದರೆ ಉಪಕಾರವಾದೀತು. ಆ ದಿನ ಗಂಡಸರು ಹೊರಗೆ ಕಾಫಿ ಕುಡಿಯುತ್ತ ನಿಲ್ಲದೆ ಒಳಗೆ ಬಂದು ಕೂರಬೇಕೆಂದು ನಮ್ಮ ವಿನಂತಿ.