ಅನಾಥ ಮಗುವೂ ಎಲೀಷನ ಪ್ರಶ್ನೆಯೂ: ಸಭೆಯ ಕರುಣಾಸೇವೆಯ ಒಂದು ವಿಮರ್ಶೆ

ಅನಾಥರ ಹಾಗೂ ರೋಗಪೀಡಿತ ಮಕ್ಕಳ ಸೇವೆಯನ್ನು ಕುರಿತ ನಮ್ಮ ಮಿಷನ್ ವರದಿಗಳು ಯಾಕೋಬನ ಪತ್ರಿಕೆಯ ಮೊದಲನೆಯ ಅಧ್ಯಾಯದ ಕೊನೆಯ ವಚನವನ್ನು ಆಧಾರವಾಗಿ ಹಿಡಿಯದಿರುವುದು ಅಪರೂಪ. ಆದರೆ ಆ ವಚನವನ್ನು ಮೂಲದಲ್ಲಿ ಓದುವವರಿಗೆ ಎರಡು ಸಂಗತಿಗಳು ಕಾಣದೆ ಇರವು. ಮೊದಲನೆಯದು, ಅಲ್ಲಿ ದಿಕ್ಕಿಲ್ಲದ ಮಕ್ಕಳೂ ವಿಧವೆಯರೂ ಒಂದೇ ಉಸಿರಿನಲ್ಲಿ ಹೆಸರಿಸಲ್ಪಟ್ಟಿದ್ದಾರೆ. ಎರಡನೆಯದು, ಅಲ್ಲಿ ಬಳಸಿರುವ 'ಎಪಿಸ್ಕೆಪ್ತೆಸ್ಥಾಯ್' ಎಂಬ ಕ್ರಿಯಾಪದವು ಹೋಗಿ ಕಂಡು ವಿಚಾರಿಸುವುದನ್ನು ಸೂಚಿಸುತ್ತದೆ. ಬಿಷಪ್ ಪದವಿಯ ಗ್ರೀಕ್ ಹೆಸರೂ ಅದೇ ಧಾತುವಿನಿಂದ ಬಂದುದು. ನಮ್ಮ ವರದಿಗಳಲ್ಲಾದರೋ ಮಗು ಉಳಿದು ವಿಧವೆ ಮರೆಯಾಗುತ್ತಾಳೆ. ಹೋಗಿ ಕಾಣುವುದು ಕರೆತಂದು ಇರಿಸಿಕೊಳ್ಳುವುದಾಗಿ ಮಾರ್ಪಡುತ್ತದೆ. ಈ ಎರಡು ಬದಲಾವಣೆಗಳು ಭಾಷೆಯವು ಮಾತ್ರವಲ್ಲ, ದೈವಶಾಸ್ತ್ರದವೂ ಹೌದು ಎಂಬುದೇ ಈ ಲೇಖನದಲ್ಲಿ ನಾವು ಮಂಡಿಸುವ ವಾದ. ಮಂಡ್ಯ, ಮದ್ದೂರು, ಮಳವಳ್ಳಿಗಳ ಸಭಾಸೇವೆಯನ್ನು ಕಣ್ಣಮುಂದಿಟ್ಟುಕೊಂಡು ಇದನ್ನು ಪರಿಶೀಲಿಸೋಣ.

1. ಬರಗಾಲದ ಪರಂಪರೆ

ನಮ್ಮ ನಾಡಿನ ಅನಾಥಾಲಯಗಳ ಬೇರು 1876–78ರ ಮಹಾಕ್ಷಾಮದಲ್ಲಿದೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಕಾಲದಲ್ಲಿ ಹಾಸನ ಮೊದಲಾದೆಡೆ ವೆಸ್ಲಿಯನ್ ಮಿಷನ್ನಿನವರು ಅನಾಥಾಲಯಗಳನ್ನು ನಡೆಸಿದರು. ಬೆಂಗಳೂರಿನ ಸಮೀಪದ ಸಿಲುವೆಪುರದಂಥ ಕಥೋಲಿಕ ಗ್ರಾಮಗಳು ಕ್ಷಾಮದಿಂದ ಉಳಿದ ಮಕ್ಕಳ ಸುತ್ತ ಬೆಳೆದವು. ಆಗ ಮಿಷನರಿಗಳು ಮಾಡಿದ್ದನ್ನು ನಾವು ಕಡೆಗಣಿಸುವಂತಿಲ್ಲ. ಊರಿಗೆ ಊರೇ ಬರಿದಾಗಿ, ಅಜ್ಜಿಯೂ ಸೋದರಮಾವನೂ ಸತ್ತ ಮಗುವಿಗೆ ಹಿಂದಿರುಗಲು ಮನೆಯೇ ಇರಲಿಲ್ಲ. ಅಂಥ ಮಗುವಿಗೆ ಆಶ್ರಯವೆಂದರೆ ಜೀವವೇ ಆಗಿತ್ತು.

ಆದರೆ ಆಪತ್ಕಾಲದ ವ್ಯವಸ್ಥೆಯು ಕಾಲಾಂತರದಲ್ಲಿ ಸೇವೆಯ ಏಕಮಾತ್ರ ಮಾದರಿಯಾಯಿತು. ಮಳೆ ಮರಳಿ ಬಂದಿತು. 1930ರ ದಶಕದಿಂದ ಕೃಷ್ಣರಾಜಸಾಗರದ ನೀರು ನಾಲೆಗಳಲ್ಲಿ ಹರಿದು ಮಂಡ್ಯ ಸೀಮೆಯ ಬಯಲನ್ನು ಕಬ್ಬಿನ, ಭತ್ತದ ನೆಲವಾಗಿಸಿತು. ಆದರೂ ನಮ್ಮ ಕಲ್ಪನೆಯಲ್ಲಿ ಅನಾಥ ಮಗುವು ಇಂದಿಗೂ ಕ್ಷಾಮದ ಮಗುವಾಗಿಯೇ, ಹಿಂದೆ ಮುಂದೆ ಯಾರೂ ಇಲ್ಲದ ಒಂಟಿ ಜೀವವಾಗಿಯೇ ನಿಂತಿದೆ. ವಸ್ತುಸ್ಥಿತಿ ಹಾಗಿಲ್ಲ. ತಂದೆತಾಯಿಗಳಲ್ಲಿ ಒಬ್ಬರನ್ನು ಕಳೆದುಕೊಂಡ ಮಗುವನ್ನೂ ಯುನಿಸೆಫ್ ಅನಾಥ ಮಗುವೆಂದೇ ಎಣಿಸುತ್ತದೆ. ಹೀಗೆ ಎಣಿಸಲ್ಪಟ್ಟ ಮಕ್ಕಳಲ್ಲಿ ಬಹುಪಾಲಿನವರಿಗೆ ತಾಯಿಯೋ ತಂದೆಯೋ ಜೀವಂತವಾಗಿದ್ದಾರೆ. ಅಂದಮೇಲೆ 'ಅನಾಥ' ಎಂಬ ಹೆಸರಿನ ಹಿಂದೆ ಹೆಚ್ಚಾಗಿ ಅಡಗಿರುವುದು ಕೈಸೋತ ಒಬ್ಬ ತಾಯಿ.

2. ಎಲೀಷನು ಕೇಳಿದ್ದು

ಈ ತಾಯಿಯನ್ನು ಸತ್ಯವೇದವು ಬಲ್ಲದು. 2 ಅರಸುಗಳು 4:1–7ರಲ್ಲಿ ಪ್ರವಾದಿಮಂಡಲಿಯವನೊಬ್ಬನ ವಿಧವೆ ಎಲೀಷನ ಬಳಿಗೆ ಬರುತ್ತಾಳೆ. ಸಾಲಕೊಟ್ಟವನು ಅವಳ ಇಬ್ಬರು ಮಕ್ಕಳನ್ನು ಗುಲಾಮರನ್ನಾಗಿ ಒಯ್ಯಲು ಬಂದಿದ್ದಾನೆ. ಅದೇ ಅಧ್ಯಾಯದ ಕೊನೆಯ ಭಾಗದಲ್ಲಿ ಬರಗಾಲದಲ್ಲಿಯೂ ಒಂದೇ ಹಂಡೆಯ ಸುತ್ತ ಕುಳಿತು ಉಣ್ಣುವ ಪ್ರವಾದಿಶಿಷ್ಯರ ಸಮುದಾಯವೊಂದನ್ನು ಕಾಣುತ್ತೇವೆ. ಆ ಹುಡುಗರನ್ನು ಅಲ್ಲಿಗೆ ಕರೆದೊಯ್ಯುವುದು ಎಲೀಷನಿಗೆ ಸುಲಭವಾಗಿತ್ತು. ಅವನು ಹಾಗೆ ಮಾಡಲಿಲ್ಲ. ಅವಳಿಗೆ ಏನು ಬೇಕೆಂದೂ ಅವಳ ಮನೆಯಲ್ಲಿ ಏನಿದೆಯೆಂದೂ ಕೇಳಿದನು.

ಈ ಎರಡು ಪ್ರಶ್ನೆಗಳಲ್ಲಿ ಒಂದು ಸಂಪೂರ್ಣ ಸೇವಾಶಾಸ್ತ್ರವಿದೆ. ಅವಳ ಬಳಿ ಇದ್ದ ಒಂದು ಮೊಗೆ ಎಣ್ಣೆಯೇ ಅದ್ಭುತದ ಆರಂಭ. ನೆರೆಹೊರೆಯವರ ಬರಿದಾದ ಪಾತ್ರೆಗಳು ಅದರ ಅಳತೆ. ಎಂದರೆ ಊರು ಕೈಜೋಡಿಸಿದಷ್ಟೂ ಎಣ್ಣೆ ಹರಿಯಿತು. ಮಕ್ಕಳು ಸುಮ್ಮನೆ ಕುಳಿತು ನೋಡಲಿಲ್ಲ, ತಾಯಿಗೆ ಪಾತ್ರೆಗಳನ್ನು ಒದಗಿಸಿದರು. ಎಣ್ಣೆ ಮಾರಿ ಮೊದಲು ತೀರಿಸಬೇಕಾದದ್ದು ಸಾಲ. ಉಳಿದುದರಲ್ಲಿ ತಾಯಿಮಕ್ಕಳು ಕೂಡಿ ಬಾಳಬೇಕು. ಇದೆಲ್ಲವೂ ಮುಚ್ಚಿದ ಬಾಗಿಲ ಹಿಂದೆ ನಡೆಯಿತು; ಪ್ರವಾದಿಯೂ ಒಳಗಿರಲಿಲ್ಲ.

ಮಂಡ್ಯದ ಓದುಗರಿಗೆ ಸಾಲದ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. 2015ರಲ್ಲಿ ಈ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ನಾಡನ್ನೇ ಕಲಕಿದವು. ಅಂಥ ಮನೆಯ ಹೆಣ್ಣಿಗೆ ಪರಿಹಾರ ದೊರೆಯುವುದು ಪಹಣಿ ಯಾರ ಹೆಸರಿನಲ್ಲಿದೆ, ಸಾಲ ಕೊಟ್ಟದ್ದು ಬ್ಯಾಂಕೋ ಲೇವಾದೇವಿಗಾರನೋ ಎಂಬ ಪ್ರಶ್ನೆಗಳನ್ನು ಅವಲಂಬಿಸಿರುತ್ತದೆ. ಈ ಕಾಗದಪತ್ರಗಳೊಡನೆ ಅವಳ ಜೊತೆ ತಾಲ್ಲೂಕು ಕಚೇರಿಗೆ ಹೋಗುವ ಸಭಾಪಾಲಕನು ಯಾಕೋಬನ ಕ್ರಿಯಾಪದವನ್ನು ಅಕ್ಷರಶಃ ನೆರವೇರಿಸುತ್ತಾನೆ. ಅವಳ ಮಗುವನ್ನು ನೂರು ಮೈಲಿ ದೂರದ ಹಾಸ್ಟೆಲಿಗೆ ಸೇರಿಸಿ ಸಾಲವನ್ನು ಅವಳ ತಲೆಯ ಮೇಲೆಯೇ ಬಿಟ್ಟುಬರುವವನಾದರೋ, ಸದುದ್ದೇಶದಿಂದಲೇ ಆದರೂ, ಸಾಲಗಾರನು ಮಾಡಲಿದ್ದುದನ್ನೇ ಮೃದುವಾಗಿ ಮಾಡಿಮುಗಿಸುತ್ತಾನೆ. ತಾಯಿಯಿಂದ ಮಗು ಅಗಲಿತು.

ನಮ್ಮ ಜನಪದವೂ ಇದನ್ನು ಬಲ್ಲದು. ಗೋವಿನ ಹಾಡಿನಲ್ಲಿ ಪುಣ್ಯಕೋಟಿಯು ಹುಲಿಯ ಬಾಯಿಗೆ ಹೊರಡುವ ಮುನ್ನ ತನ್ನ ಕರುವನ್ನು ಒಪ್ಪಿಸುವುದು ಅದೇ ದೊಡ್ಡಿಯ ಒಡಹುಟ್ಟುಗಳಿಗೆ.

3. ಕೆನ್ಯಾದ ಒಂದು ಪಾಠ

ಆಫ್ರಿಕದ ಗ್ರಾಮಗಳ ಸೇವೆಯನ್ನು ನಮ್ಮ ಸಭೆಗಳು ಚಿತ್ರಪಟಗಳಲ್ಲಿ ನೋಡಿ ಮರುಗುವುದುಂಟು, ಅದರಿಂದ ಕಲಿಯುವುದು ಕಡಿಮೆ. ಯೇಸುಸಭೆಯ ಗುರುವೂ ವೈದ್ಯರೂ ಆಗಿದ್ದ ಏಂಜೆಲೊ ಡಿ'ಅಗೊಸ್ಟಿನೊ ಅವರು 1992ರಲ್ಲಿ ನೈರೋಬಿಯಲ್ಲಿ ಎಚ್‌ಐವಿ ಸೋಂಕಿತ ಅನಾಥ ಮಕ್ಕಳಿಗಾಗಿ 'ನ್ಯುಂಬಾನಿ' ಎಂಬ ಆಶ್ರಯವನ್ನು ತೆರೆದರು. ಸ್ವಾಹಿಲಿಯಲ್ಲಿ ಅದಕ್ಕೆ 'ಮನೆಯಲ್ಲಿ' ಎಂದರ್ಥ. ಆ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ಸರ್ಕಾರಿ ಶಾಲೆಗಳು ಈ ಮಕ್ಕಳನ್ನು ಸೇರಿಸಿಕೊಳ್ಳದಿದ್ದಾಗ 2004ರಲ್ಲಿ ಸಂಸ್ಥೆಯು ನ್ಯಾಯಾಲಯದ ಮೆಟ್ಟಿಲೇರಿ ಶಾಲೆಯ ಬಾಗಿಲು ತೆರೆಸಿತು. ಬಳಿಕ ಕಿಟುಯಿ ಎಂಬ ಗ್ರಾಮೀಣ ಪ್ರದೇಶದಲ್ಲಿ, ಮಕ್ಕಳನ್ನು ಕಳೆದುಕೊಂಡ ಅಜ್ಜ ಅಜ್ಜಿಯರೂ ಹೆತ್ತವರನ್ನು ಕಳೆದುಕೊಂಡ ಮಕ್ಕಳೂ ಒಂದೇ ಸೂರಿನಡಿ ಬಾಳುವ ಊರೊಂದನ್ನು ಕಟ್ಟಿತು. ಆಶ್ರಯದಿಂದ ನ್ಯಾಯಕ್ಕೆ, ನ್ಯಾಯದಿಂದ ಕುಟುಂಬಕ್ಕೆ ಸಾಗಿದ ಈ ಕ್ರಮವು ಗಮನಾರ್ಹ. ಧರ್ಮೋಪದೇಶಕಾಂಡ 10:18ರಲ್ಲಿ ದೇವರು ಅನಾಥನಿಗಾಗಿ ಮೊದಲು ಮಾಡುವುದೂ ನ್ಯಾಯವೇ. ಅನ್ನವಸ್ತ್ರಗಳ ಮಾತು ಅದೇ ವಚನದಲ್ಲಿ ಆಮೇಲೆ, ಪರದೇಶಿಯ ಸಂಬಂಧದಲ್ಲಿ ಬರುತ್ತದೆ.

4. ಮುಚ್ಚಿದ ಬಾಗಿಲು

ರೋಗಪೀಡಿತ ಮಕ್ಕಳ ವಿಷಯದಲ್ಲಿ ನಮ್ಮ ವಿಮರ್ಶೆಯು ಇನ್ನೂ ಕಟುವಾಗಬೇಕಾಗಿದೆ. ಸೋಂಕಿನೊಡನೆ ಹುಟ್ಟಿದ ಮಗುವನ್ನು ವೇದಿಕೆಗೆ ಕರೆದು ಸಾಕ್ಷಿ ಹೇಳಿಸುವುದು, ಅದರ ಮುಖವನ್ನು ವಾರ್ಷಿಕ ವರದಿಯಲ್ಲಿ ಅಚ್ಚುಹಾಕಿಸುವುದು ಕರುಣೆಯಲ್ಲ. 2015ರ ಬಾಲನ್ಯಾಯ ಕಾಯಿದೆಯ 74ನೆಯ ಪ್ರಕರಣವು ರಕ್ಷಣೆ ಬೇಕಾದ ಮಗುವಿನ ಗುರುತನ್ನು ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಒಪ್ಪಿಗೆಯಿಲ್ಲದೆ ಎಚ್‌ಐವಿ ಸ್ಥಿತಿಯನ್ನು ಹೊರಗೆಡಹುವುದಕ್ಕೆ 2017ರ ಕಾಯಿದೆಯಲ್ಲಿ ತಡೆಯಿದೆ. ಆದರೆ ಕಾನೂನಿನ ಭಯವೊಂದೇ ನಮ್ಮನ್ನು ತಡೆಯುವಂತಾದರೆ ಅದು ಸಭೆಗೆ ಗೌರವವಲ್ಲ. ಎಲೀಷನು ಬಾಗಿಲು ಮುಚ್ಚಿಕೊಳ್ಳಲು ಹೇಳಿದನು. ಯಾಯೀರನ ಮಗಳ ಕೋಣೆಯಿಂದ ಯೇಸುಸ್ವಾಮಿ ಜನರ ಗುಂಪನ್ನು ಹೊರಗೆ ಕಳುಹಿಸಿದನು. ತಂದೆತಾಯಿಗಳನ್ನೂ ತನ್ನ ಮೂವರು ಶಿಷ್ಯರನ್ನೂ ಮಾತ್ರ ಒಳಗೇ ಉಳಿಸಿಕೊಂಡನು. ಹುಡುಗಿ ಎದ್ದಮೇಲೆ ಆತನು ಹೇಳಿದ್ದು ಅವಳಿಗೆ ಊಟ ಕೊಡಬೇಕೆಂದು. ಗುಣಪಡಿಸುವ ಶಕ್ತಿಯು ಪ್ರೇಕ್ಷಕರನ್ನು ಬಯಸಲಿಲ್ಲ.

ರೋಗವನ್ನು ಹೆತ್ತವರ ಪಾಪಕ್ಕೆ ಗಂಟುಹಾಕುವ ಉಪದೇಶವು ನಮ್ಮ ಉಪದೇಶಪೀಠಗಳಿಂದ ಇನ್ನೂ ಪೂರ್ಣವಾಗಿ ಇಳಿದಿಲ್ಲ. ಯೋಹಾನ 9ರಲ್ಲಿ ಶಿಷ್ಯರ ಆ ಪ್ರಶ್ನೆಯನ್ನು ಕರ್ತನು ತಳ್ಳಿಹಾಕಿದನೆಂಬುದನ್ನು ಬಲ್ಲ ನಾವು ಅದನ್ನು ಮತ್ತೆ ಎತ್ತುವುದು ಹೇಗೆ?

5. ಆಕ್ಷೇಪವೂ ಉತ್ತರವೂ

ಎಲ್ಲ ಮನೆಗಳೂ ಸುರಕ್ಷಿತವಲ್ಲ ಎಂಬ ಆಕ್ಷೇಪ ನ್ಯಾಯವಾದುದು. ಹಿಂಸೆಯಿಂದ ಓಡಿಬಂದ ಮಗುವಿಗೆ, ಯಾರೂ ಉಳಿಯದ ಮಗುವಿಗೆ ಆಶ್ರಯ ಬೇಕು. ಅಂಥ ಗೃಹಗಳನ್ನು ನೋಂದಾಯಿಸಿ ಶುದ್ಧವಾಗಿ ನಡೆಸುವುದು ಸಭೆಯ ಹೊಣೆ. ಸಂಸ್ಥೆಯಲ್ಲಿರಿಸುವುದು ಕೊನೆಯ ಉಪಾಯವಾಗಬೇಕೆಂದು ಬಾಲನ್ಯಾಯ ಕಾಯಿದೆಯೂ ಹೇಳುತ್ತದೆ. ನಮ್ಮ ದೂರು ಕೊನೆಯದು ಮೊದಲನೆಯದಾದುದರ ಮೇಲೆ. ಅದಕ್ಕೆ ಕಾರಣವೂ ಮರೆಯಲ್ಲಿಲ್ಲ: ಕಟ್ಟಡವು ದಾನಿಗಳ ಕಣ್ಣಿಗೆ ಕಾಣುತ್ತದೆ, ತೀರಿದ ಸಾಲ, ಅಜ್ಜಿಯ ಕೈಸೇರಿದ ಮಾಸಾಶನ, ತಪ್ಪದೆ ನುಂಗಿದ ಔಷಧಿ ಕಾಣುವುದಿಲ್ಲ.

ಆದಕಾರಣ ಮಂಡ್ಯ, ಮದ್ದೂರು, ಮಳವಳ್ಳಿಗಳ ಸಭೆಗಳ ಮುಂದೆ ನಾವಿಡುವ ಮಾತು ಚಿಕ್ಕದು. ಮಗುವೊಂದನ್ನು ಎಲ್ಲಿಗಾದರೂ ಕಳುಹಿಸುವ ಮುನ್ನ ಎಲೀಷನ ಎರಡು ಪ್ರಶ್ನೆಗಳನ್ನು ಅದರ ತಾಯಿಗೋ ಅಜ್ಜಿಗೋ ಕೇಳಿರಿ. ಉತ್ತರಕ್ಕಾಗಿ ಕಾದು ನಿಲ್ಲಿರಿ. ಆಮೇಲೆ ಆ ಬೀದಿಯಲ್ಲಿ ಪಾತ್ರೆ ಕೊಡಬಲ್ಲವರು ಯಾರೆಂದು, ಕ್ರೈಸ್ತರೆಂದೂ ಅಲ್ಲದವರೆಂದೂ ಎಣಿಸದೆ, ಹುಡುಕಿರಿ. ತನ್ನವರನ್ನು ಅನಾಥರನ್ನಾಗಿ ಬಿಡೆನೆಂದು ಮಾತುಕೊಟ್ಟ ಕರ್ತನ ಸಭೆಯು, ತಾಯಿಯಿರುವ ಮಗುವನ್ನು ತನ್ನ ವರದಿಗಾಗಿ ಅನಾಥವಾಗಿಸಬಾರದು.