ಕಡಲ್ಗಳ್ಳರ ಪಕ್ಕದಲ್ಲೊಂದು ಪಡಖಾನೆ

ಅಕ್ಕ ವಾಟ್ಸಾಪಲ್ಲಿ ಒಂದು ಫೋಟೋ ಹಾಕಿದ್ಲು. ಕೆಳಗೆ ಒಂದೇ ಸಾಲು: "ನೋಡೋ, ನಿನ್ನ ಕಳ್ಳರ ಪಕ್ಕದಲ್ಲೇ ಬಾರ್ ಬಂತು."

ನನ್ನ ಕಳ್ಳರು ಅಂದ್ರೆ ಫ್ಲಾರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿರೋ 'ಪೈರೇಟ್ಸ್ ಆಫ್ ದ ಕೆರಿಬಿಯನ್'. ಆಫೀಸ್ ಕೆಲಸದ ಮೇಲೆ ಅಮೆರಿಕಾಗೆ ಹೋದಾಗ ಟ್ಯಾಂಪಾದ ಅಕ್ಕನ ಮನೇಲಿ ಉಳ್ಕೊಂಡು, ಅವಳ ಎಂಟು ವರ್ಷದ ಮಗಳ ಜೊತೆ ಆ ದೋಣಿಯಲ್ಲಿ ಒಂದೇ ದಿನ ಮೂರು ಸಲ ಕೂತಿದ್ದೆ. 2025ರ ಆಗಸ್ಟ್ 29ರಂದು ಅದರ ಪಕ್ಕದಲ್ಲೇ 'ದ ಬೀಕ್ ಅಂಡ್ ಬ್ಯಾರಲ್' ಅನ್ನೋ ಕಡಲ್ಗಳ್ಳರ ಪಡಖಾನೆ ಬಾಗಿಲು ತೆರೆದಿದೆ. ನಾನಿನ್ನೂ ಒಳಗೆ ಕಾಲಿಟ್ಟಿಲ್ಲ, ಮೊದಲೇ ಹೇಳಿಬಿಡ್ತೀನಿ. ಹಾಗಾಗಿ ಇದು ಕಾಕ್ಟೈಲ್ ವಿಮರ್ಶೆ ಅಲ್ಲ, ಆ ನಿರ್ಧಾರದ ವಿಮರ್ಶೆ.

ಫೋಟೋ ನೋಡಿದ ತಕ್ಷಣ ನನ್ನ ಬಾಯಿಂದ ಬಂದಿದ್ದು, "ಅಲ್ಲಿಗೂ ಬಂತಾ?" ವಾರಕ್ಕೊಂದು ಸಲ ಇಂದಿರಾನಗರದಲ್ಲಿ ಬಿಯರ್ ಕುಡಿಯೋ ಮನುಷ್ಯ ನಾನು. ನನಗ್ಯಾಕೆ ಈ ಮಡಿವಂತಿಕೆ ಅಂತ ನನಗೇ ಆಶ್ಚರ್ಯ ಆಯ್ತು. ಕಾರಣ ಹುಡುಕ್ತಾ ಹೋದ್ರೆ ಸಿಕ್ಕಿದ್ದು ನಮ್ಮೂರ ಜಾತ್ರೆ.

ಜಾತ್ರೆಗೆ ಅಪ್ಪನೇ ಕರ್ಕೊಂಡು ಹೋಗೋರು. ತೊಟ್ಟಿಲ ಹತ್ರ ನಮ್ಮನ್ನ ನಿಲ್ಲಿಸಿ, "ಇಲ್ಲೇ ಇರಿ, ಹತ್ತು ನಿಮಿಷ, ಬಂದೆ" ಅಂತ ಹೋಗೋರು. ಡೇರೆಗಳ ಹಿಂದೆ ಎಲ್ಲೋ ಒಂದು ಅಂಗಡಿ. ಆ ಹತ್ತು ನಿಮಿಷ ಎಂದೂ ಹತ್ತು ನಿಮಿಷದಲ್ಲಿ ಮುಗೀಲಿಲ್ಲ. ಅಮ್ಮ ಬೆಂಡು ಬತ್ತಾಸಿನ ಪೊಟ್ಟಣ ಹಿಡ್ಕೊಂಡು ದಾರಿ ನೋಡ್ತಾ ನಿಂತಿರೋಳು. ತೊಟ್ಟಿಲು ನಮ್ಮೆದುರೇ ತಿರುಗ್ತಾ ಇರೋದು. ದುಡ್ಡು ಅಪ್ಪನ ಜೇಬಲ್ಲಿ.

ಹೀಗಾಗಿ ವಾಲ್ಟ್ ಡಿಸ್ನಿಯ ಬೆಂಚಿನ ಕಥೆ ಓದಿದಾಗ ನನಗೆ ಬೇರೆ ಥರಾನೇ ತಾಕಿತ್ತು. ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಲ್ಲಿ ಹೆಣ್ಣುಮಕ್ಕಳಿಬ್ಬರೂ ಮೆರಿ-ಗೋ-ರೌಂಡ್ ಮೇಲೆ ಸುತ್ತುತ್ತಿದ್ರೆ, ಈತ ಬೆಂಚಿನ ಮೇಲೆ ಕಡಲೆಕಾಯಿ ತಿಂತಾ ಕೂರಬೇಕಾಗಿತ್ತಂತೆ. ಅಪ್ಪ-ಅಮ್ಮ, ಮಕ್ಕಳು ಎಲ್ಲ ಒಟ್ಟಿಗೆ ಖುಷಿಪಡೋ ಜಾಗ ಒಂದಿರಬೇಕು ಅಂತ ಆಗ ಅನಿಸಿತಂತೆ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಶುರುವಾದಾಗ ಅಲ್ಲಿ ಮದ್ಯ ಇರಲಿಲ್ಲ. ಅದು ಬಂದ್ರೆ ಬೇಡದ ಗದ್ದಲಾನೂ ಬರುತ್ತೆ ಅನ್ನೋದು ಆತನ ನಿಲುವು.

ಆ ನಿಲುವಲ್ಲಿ ಬಿರುಕು ಬರೋಕೆ ಬಹಳ ಕಾಲ ಬೇಕಾಗಲಿಲ್ಲ. 1967ರಲ್ಲೇ ಅದೇ ಪಾರ್ಕಿನೊಳಗೆ 'ಕ್ಲಬ್ 33' ತೆರೀತು. ಅಲ್ಲಿ ಮದ್ಯ ಸಿಗುತ್ತಿತ್ತು, ಆದರೆ ಸದಸ್ಯರಿಗೆ ಮತ್ತು ಅವರ ಅತಿಥಿಗಳಿಗೆ ಮಾತ್ರ. ಪ್ಯಾರಿಸ್ ಪಾರ್ಕು 1992ರಲ್ಲಿ ವೈನ್ ಇಲ್ಲದೆ ಶುರುವಾಗಿ, ಫ್ರೆಂಚರ ಗೊಣಗಾಟಕ್ಕೆ ಮಣಿದು ಮರುವರ್ಷವೇ ಬಾಟಲಿ ತೆರೀತು. 1971ರಲ್ಲಿ ಶುರುವಾದ ಮ್ಯಾಜಿಕ್ ಕಿಂಗ್‌ಡಮ್ ಮಾತ್ರ 2012ರ ತನಕ ತಡ್ಕೊಳ್ತು. ಆಗ ಒಂದು ರೆಸ್ಟೋರೆಂಟಲ್ಲಿ ರಾತ್ರಿ ಊಟದ ಜೊತೆ ವೈನು, ಬಿಯರು. 2018ಕ್ಕೆ ಮೇಜಿಗೆ ಬಂದು ಬಡಿಸೋ ರೆಸ್ಟೋರೆಂಟುಗಳಲ್ಲೆಲ್ಲ. ಈಗ ಊಟದ ನೆಪಾನೂ ಬೇಡದ ಪಡಖಾನೆ.

ಹಾಗಾದ್ರೆ ಇದು ಜಾರೋ ಬಂಡೆಯ ಕೊನೆ ಮೆಟ್ಟಿಲಾ? ನನಗೆ ಹಾಗನಿಸಲ್ಲ. ಯಾಕೆ ಅಂದ್ರೆ ಈ ಸವಾರಿ ಹುಟ್ಟಿದಾಗಿನಿಂದ ರಮ್‌ನಲ್ಲೇ ತೇಲ್ತಾ ಇದೆ. ಕ್ಯಾಲಿಫೋರ್ನಿಯಾದ ಮೂಲ ಸವಾರಿ ನೋಡಿ. ಗುಹೆಯೊಳಗೆ ಒಂದು ಅಸ್ಥಿಪಂಜರ ಬಾಟಲಿ ಎತ್ತಿ ಕುಡೀತಾ ಇರುತ್ತೆ, ಕುಡಿದಿದ್ದೆಲ್ಲ ಪಕ್ಕೆಲುಬಿನ ಸಂದಿಯಿಂದ ಕೆಳಕ್ಕೆ ಸುರೀತಾ ಇರುತ್ತೆ. ಎಷ್ಟು ಕುಡಿದ್ರೂ ತೀರದ ದಾಹ! ಮದ್ಯಪಾನ ವಿರೋಧಿ ಜಾಹೀರಾತಿಗೆ ಇದಕ್ಕಿಂತ ಒಳ್ಳೆ ಚಿತ್ರ ಸಿಗಲ್ಲ. ಮುಂದೆ ಹೋದ್ರೆ ಹಂದಿಗಳ ಜೊತೆ ಕೆಸರಲ್ಲಿ ಬಿದ್ದಿರೋ ಕುಡುಕ. ಮಕ್ಕಳು ಬಿದ್ದು ಬಿದ್ದು ನಗ್ತಾರೆ.

ಇನ್ನೊಂದು ವಿಷಯ. ಈ ಸವಾರಿಯಲ್ಲಿ ಹೆಂಗಸರನ್ನ ಸಾಲಾಗಿ ನಿಲ್ಲಿಸಿ ಹರಾಜು ಹಾಕೋ ದೃಶ್ಯ ಇತ್ತು. 1967ರಲ್ಲಿ ಅದು ತಮಾಷೆ. 2018ರಲ್ಲಿ ಅದನ್ನ ಬದಲಾಯಿಸಿದ್ರು. ಹರಾಜಿಗೆ ನಿಂತಿದ್ದ ಕೆಂಪು ಕೂದಲಿನವಳು ಈಗ ಕೋವಿ ಹಿಡಿದ ಕಡಲ್ಗಳ್ಳಿ. ಕಳ್ಳರು ಈಗ ಕೂಗೋದು ಅವಳಿಗಾಗಿ ಅಲ್ಲ, ರಮ್‌ಗಾಗಿ. ಹಳೇ ಅಭಿಮಾನಿಗಳು ಬಹಳ ಕೋಪ ಮಾಡ್ಕೊಂಡ್ರು. ನನಗೆ ಅದು ಸರಿಯಾದ ಬದಲಾವಣೆ ಅನಿಸ್ತು. ಆದರೆ ಅದರ ಒಂದು ಪರಿಣಾಮ ಗಮನಿಸಿ: ಕಥೆಯ ನಡುಮಧ್ಯಕ್ಕೆ ಬಂದು ಕೂತಿದ್ದು ಪೀಪಾಯಿ. ಆಮೇಲೆ ಹೊರಗಡೆ ಪಡಖಾನೆ ಬಂದ್ರೆ ಅದು ಕಥೆಗೆ ಅಂಟಿಸಿದ ತೇಪೆ ಅನಿಸಲ್ಲ.

ಅಂಟಿಸಿದ್ದು ಯಾವುದು, ಹೊಂದಿದ್ದು ಯಾವುದು ಅನ್ನೋಕೆ ನನ್ನದೊಂದು ಸರಳ ಪರೀಕ್ಷೆ ಇದೆ. ಗ್ಲಾಸಲ್ಲಿರೋದನ್ನ ಚೆಲ್ಲಿಬಿಡಿ. ಆಮೇಲೂ ಅಲ್ಲಿ ಕೂರೋಕೆ ಕಾರಣ ಉಳಿಯುತ್ತಾ?

'ಓಗಾಸ್ ಕ್ಯಾಂಟೀನಾ' ಈ ಪರೀಕ್ಷೆ ಪಾಸಾಗುತ್ತೆ. 2019ರಲ್ಲಿ ಎರಡೂ ಕಡೆ ಸ್ಟಾರ್ ವಾರ್ಸ್ ಲೋಕದ ಜೊತೆ ಬಂದ ಬಾರ್ ಅದು. ಡಿಸ್ನಿಲ್ಯಾಂಡ್‌ನ ಒಳಗೆ ಸಾರ್ವಜನಿಕರಿಗೆ ಮೊದಲು ಮದ್ಯ ಸಿಕ್ಕಿದ್ದೇ ಅಲ್ಲಿ. ಫ್ಲಾರಿಡಾದ ಕ್ಯಾಂಟೀನಾಗೆ ನಾವು ಅಕ್ಕನ ಮಗಳನ್ನೂ ಕರ್ಕೊಂಡೇ ಹೋಗಿದ್ವಿ, ಮಕ್ಕಳಿಗೂ ಪ್ರವೇಶ ಇದೆ. ಅಲ್ಲಿ ಹಾಡು ಹಾಕೋ ಡಿಜೆ ಒಂದು ರೋಬೋಟು, ಹೆಸರು ರೆಕ್ಸ್. ಈ ರೆಕ್ಸ್ 1987ರಲ್ಲಿ ಡಿಸ್ನಿಲ್ಯಾಂಡ್‌ನ 'ಸ್ಟಾರ್ ಟೂರ್ಸ್' ಸವಾರಿಯ ಪೈಲಟ್ ಆಗಿದ್ದೋನು. ಮೊದಲ ದಿನದ ಡ್ಯೂಟಿಯಲ್ಲೇ ನೌಕೆನ ಎಲ್ಲೆಲ್ಲೋ ನುಗ್ಗಿಸಿದ ಅಸಾಮಿ. ಸವಾರಿ ಬದಲಾಗಿ ಅವನ ಕೆಲಸ ಹೋಯ್ತು. ಈಗ ಬಾರಲ್ಲಿ ಡಿಜೆ! ಲೇಆಫ್ ಕಂಡ ನಮ್ಮಂಥವರಿಗೆ ಇದಕ್ಕಿಂತ ಹತ್ತಿರದ ಪಾತ್ರ ಬೇಕಾ? ಅಕ್ಕನ ಮಗಳಿಗೆ ಇದೇನೂ ಗೊತ್ತಿಲ್ಲ. ಅವಳು ಮದ್ಯವಿಲ್ಲದ ಯಾವುದೋ ಬಣ್ಣದ ನೀರು ಹೀರ್ತಾ ಅವನ ಹಾಡಿಗೆ ತಲೆ ಆಡಿಸ್ತಾ ಇದ್ಲು. ಭಾವ ಪಕ್ಕದಲ್ಲಿ ಒಂದು ಬಿಯರ್ ಕುಡೀತಾ ಅವಳಿಗೆ ಆ ಕಥೆ ಹೇಳಿದ್ರು. ಅಲ್ಲಿ ಹೆಚ್ಚು ಹೊತ್ತು ಕೂರೋಕೆ ಬಿಡಲ್ಲ, ತಲೆಗೆ ಎರಡೇ ಡ್ರಿಂಕು. ಗಂಟೆಯೊಳಗೆ ಮೂವರೂ ಹೊರಗಿದ್ವಿ, ಒಟ್ಟಿಗೆ.

ನನ್ನ ಜಾತ್ರೆಯ ತಕರಾರು ಕರಗಿದ್ದು ಅಲ್ಲೇ ಇರಬೇಕು. ಅಪ್ಪನ ಅಂಗಡಿ ಡೇರೆ ಹಿಂದೆ ಇತ್ತು. ಅದರಲ್ಲಿ ಕಥೆ ಇರಲಿಲ್ಲ, ನಮಗೆ ಜಾಗ ಇರಲಿಲ್ಲ. ನಮ್ಮನ್ನ ಬಿಟ್ಟು ಹೋಗದೆ ಅಲ್ಲಿಗೆ ಹೋಗೋಕೇ ಆಗ್ತಿರಲಿಲ್ಲ. ನನಗೆ ನೋವಾಗಿದ್ದು ಅವರು ಕುಡಿದಿದ್ದಕ್ಕಿಂತ ಅವರು ಎದ್ದು ಹೋಗಿದ್ದಕ್ಕೆ.

ಹಾಗಂತ ಡಿಸ್ನಿಗೆ ಪೂರ್ತಿ ಮಾರ್ಕ್ಸ್ ಕೊಡ್ತಿಲ್ಲ. ದುಬಾರಿ ಟಿಕೆಟ್ ಕೊಂಡು ಒಳಗೆ ಬಂದವರ ಜೇಬಿಗೆ ಇನ್ನೊಂದು ಕೈ ಹಾಕೋದು ಇದರ ಲೆಕ್ಕಾಚಾರ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಕೆರಿಬಿಯನ್ ಪಕ್ಕದಲ್ಲೇ ಇರೋ ಫ್ಲಾರಿಡಾಗೆ ಕಡಲ್ಗಳ್ಳರ ಸವಾರಿ ಯಾಕೆ ಅಂತ ಇವರು ಮೊದಲು ಅದನ್ನ ಕಟ್ಟಿರಲೇ ಇಲ್ಲ. ಬಂದವರೆಲ್ಲ "ಎಲ್ಲಿ, ಎಲ್ಲಿ" ಅಂತ ಕೇಳಿದ ಮೇಲೆ 1973ರ ಡಿಸೆಂಬರಲ್ಲಿ ಕಟ್ಟಿದ್ದು. ಅಂದ್ರೆ ಆ ಸವಾರಿ ಜನ ಕೇಳಿ ಪಡ್ಕೊಂಡಿದ್ದು. ಅದರ ಬಾಗಿಲಲ್ಲಿ ಏನೇ ಕಟ್ಟಿದ್ರೂ ಆ ಋಣ ನೆನಪಿರಬೇಕು. ದೋಣಿಯಿಂದ ಇಳಿದ ಮಗು ಬಾಗಿಲ ಹತ್ರ ನಿಂತು ಒಳಗಿರೋ ದೊಡ್ಡವರಿಗಾಗಿ ಕಾಯೋ ಹಾಗಾದ್ರೆ, ಅವತ್ತು ಪಡಖಾನೆ ಸೋತ ಹಾಗೆ. ಒಳಗೆ ಎಷ್ಟೇ ಚಂದದ ಪೀಪಾಯಿ ಜೋಡಿಸಿದ್ರೂ ಅಷ್ಟೇ.

ಅಕ್ಕನಿಗೆ ಉತ್ತರ ಬರೆದೆ: "ಮುಂದಿನ ಸಲ ಬಂದಾಗ ಹೋಗೋಣ. ಮಗಳನ್ನ ಹೊರಗೆ ನಿಲ್ಲಿಸೋ ಹಾಗಿದ್ರೆ ಬೇಡ."

ಎರಡು ನಿಮಿಷದಲ್ಲಿ ಅವಳ ಮೆಸೇಜು: "ಅಪ್ಪ ನೆನಪಾದ್ರಾ?"

ನೀಲಿ ಟಿಕ್ ಬಿತ್ತು. ಅದಕ್ಕೆ ನಾನಿನ್ನೂ ಉತ್ತರ ಬರೆದಿಲ್ಲ.