ಗೇಟಿನ ಹೊರಗೆ ನಿಂತ ಕೌಶಲ್ಯ

ವಾಡಿ ದುಡಿಮೆಯಿಂದ ಹುಟ್ಟಿದ ಊರು. 1874ರಲ್ಲಿ ಸಿಕಂದರಾಬಾದಿನಿಂದ ಬಂದ ನಿಜಾಮರ ರೈಲು ಹಳಿ ಇಲ್ಲಿ ಮುಂಬಯಿ-ಮದ್ರಾಸು ಹಳಿಗೆ ಕೂಡಿಕೊಂಡಿತು. 1968ರಲ್ಲಿ ಎಸಿಸಿ ಸಿಮೆಂಟ್ ಕಾರ್ಖಾನೆ ಆರಂಭವಾಯಿತು. ಸೇಡಂ, ಮಳಖೇಡ, ಚಿತ್ತಾಪುರ, ಶಹಾಬಾದ ಎಂದು ಎಲ್ಲಿ ಹೋದರೂ ಕಾಲಡಿಯಲ್ಲಿ ಸುಣ್ಣದ ಕಲ್ಲೇ. ಇಂಥ ನೆಲದ ಹುಡುಗರು ಮಾತ್ರ ಕೆಲಸ ಹುಡುಕಿಕೊಂಡು ಹೈದರಾಬಾದು, ಪುಣೆ, ಬೆಂಗಳೂರಿನ ರೈಲು ಹತ್ತುತ್ತಾರೆ. ಯಾಕೆಂದು ಕೇಳಿದರೆ ಅಧಿಕಾರಿಗಳಿಂದ ಹಿಡಿದು ನಮ್ಮ ಹಿರಿಯರವರೆಗೆ ಎಲ್ಲರದೂ ಒಂದೇ ಉತ್ತರ: 'ಅವರಲ್ಲಿ ಕೌಶಲ್ಯವಿಲ್ಲ.'

ಈ ಉತ್ತರ ನಿಜವೇ?

ಶಹಾಬಾದ ಕಲ್ಲಿನ ಗಣಿಗೆ ಒಮ್ಮೆ ಹೋಗಿ ನೋಡೋಣ. ಅಲ್ಲಿನ ಕಲ್ಲು ಪದರ ಪದರವಾಗಿ ಮಲಗಿರುತ್ತದೆ. ಉಳಿಯನ್ನು ಎಲ್ಲಿ ಇಡಬೇಕು, ಸುತ್ತಿಗೆ ಎಷ್ಟು ಬೀಳಬೇಕು ಎಂಬುದು ತಪ್ಪಿದರೆ ಪರಸಿ ಚೂರಾಗುತ್ತದೆ. ಅಪ್ಪನ ಜೊತೆ ಗಣಿಗಿಳಿದ ಹುಡುಗ ಇದನ್ನು ವರ್ಷಗಟ್ಟಲೆ ಕಲಿತಿರುತ್ತಾನೆ. ಬಜಾರಿನ ಗ್ಯಾರೇಜಿನಲ್ಲಿ, ವೆಲ್ಡಿಂಗ್ ಅಂಗಡಿಯಲ್ಲಿ ಉಸ್ತಾದರ ಕೈಕೆಳಗೆ ಪಳಗಿದವನ ಕಥೆಯೂ ಇದೇ. ಆದರೆ ಅರ್ಜಿಯ ಕಾಗದದಲ್ಲಿ ಇವರಿಬ್ಬರೂ 'ಅಕುಶಲ'ರು. ಕಲಿತದ್ದನ್ನು ಗುರುತಿಸಿ ಪ್ರಮಾಣಪತ್ರ ಕೊಡುವ ಯೋಜನೆಯೂ ಬಂತು, ನಿಜ. ಆದರೆ ಆ ಪತ್ರ ತೋರಿಸಿದರೆ ಕೂಲಿ ಹೆಚ್ಚಾಗುತ್ತದೆಯೇ? ಗಣಿಯ ದೂಳಿನಿಂದ ಎದೆ ಉಳಿಯುತ್ತದೆಯೇ? ಅದನ್ನು ಕೇಳುವವರಿಲ್ಲ.

2009ರ ರಾಷ್ಟ್ರೀಯ ಕೌಶಲ್ಯಾಭಿವೃದ್ಧಿ ನೀತಿ 2022ರೊಳಗೆ 50 ಕೋಟಿ ಜನರಿಗೆ ತರಬೇತಿ ಎಂಬ ಗುರಿ ಹಾಕಿಕೊಂಡಿತ್ತು. 2015ರಲ್ಲಿ ಹೊಸ ನೀತಿ ಬಂತು, ಪ್ರಧಾನಮಂತ್ರಿಗಳ ಹೆಸರಿನ ಕೌಶಲ್ಯ ಯೋಜನೆಯೂ ಬಂತು. ಮರುವರ್ಷವೇ ಶಾರದಾ ಪ್ರಸಾದ್ ಸಮಿತಿ, ಸಂಖ್ಯೆಯ ಬೆನ್ನು ಹತ್ತುವ ಈ ಚಾಳಿಯನ್ನು ಟೀಕಿಸಿತು. ಸಂಖ್ಯೆಯೇ ಗುರಿಯಾದಾಗ ಏನಾಗುತ್ತದೆ ಎಂಬುದನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ನಮ್ಮ ಸಂಬಂಧಿಕರ ಹುಡುಗನೊಬ್ಬ ಮೂರು ತಿಂಗಳ ಎಲೆಕ್ಟ್ರಿಷಿಯನ್ ತರಬೇತಿಗೆ ಸೇರಿದ. ಅವನ ಕೈಗೆ ಟೆಸ್ಟರ್ ಬಂದದ್ದು ಕೊನೆಯ ವಾರದಲ್ಲಿ. ಆಮೇಲೆ ದೂರದ ನಗರದಲ್ಲಿ ಕೆಲಸ ಕೊಡಿಸಿದರು. ಖೋಲಿ ಬಾಡಿಗೆ, ಊಟ ಕಳೆದರೆ ಮನೆಗೆ ಕಳಿಸಲು ಏನೂ ಉಳಿಯಲಿಲ್ಲ. ಎರಡು ತಿಂಗಳಲ್ಲಿ ವಾಪಸು ಬಂದ. ಕಡತದಲ್ಲಿ ಅವನು ಇಂದಿಗೂ 'ಉದ್ಯೋಗ ಪಡೆದವನು'!

ಹಾಗಾದರೆ ಊರಿನಲ್ಲೇ ಇರುವ ಕಾರ್ಖಾನೆಗಳು? ನಮ್ಮ ಭಾಗಕ್ಕೆ 371(ಜೆ) ಇದೆ ಎಂದು ಹೆಮ್ಮೆಪಡುತ್ತೇವೆ. 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಈ ತಿದ್ದುಪಡಿ ದೊಡ್ಡ ಹೋರಾಟದ ಫಲ. ಆದರೆ ಅದನ್ನು ಗಮನವಿಟ್ಟು ಓದಿದವರು ಕಡಿಮೆ. ಶಿಕ್ಷಣ ಸಂಸ್ಥೆಗಳಲ್ಲಿ, ವೃತ್ತಿ ತರಬೇತಿ ಸಂಸ್ಥೆಗಳಲ್ಲಿ ಸೀಟು ಮೀಸಲಿಡಲು ಅದರಲ್ಲಿ ಅವಕಾಶವಿದೆ. ಹುದ್ದೆಯ ಮಾತು ಬಂದಾಗ ಮಾತ್ರ ಅದು ಸರ್ಕಾರ ಮತ್ತು ಸರ್ಕಾರದ ಹತೋಟಿಯ ಸಂಸ್ಥೆಗಳಿಗೆ ನಿಂತುಬಿಡುತ್ತದೆ. ಅಂದರೆ ಐಟಿಐ ಬಾಗಿಲವರೆಗೆ ಸಂವಿಧಾನ ನಮ್ಮ ಕೈ ಹಿಡಿದು ಬರುತ್ತದೆ. ಖಾಸಗಿ ಕಾರ್ಖಾನೆಯ ಗೇಟಿನ ಮುಂದೆ ಕೈ ಬಿಡುತ್ತದೆ. 2024ರ ಜುಲೈಯಲ್ಲಿ ಸ್ಥಳೀಯರಿಗೆ ಖಾಸಗಿ ಉದ್ಯೋಗ ಮೀಸಲಿಡುವ ಮಸೂದೆಯನ್ನು ರಾಜ್ಯ ಸಂಪುಟ ಒಪ್ಪಿತು. ಉದ್ಯಮಿಗಳ ವಿರೋಧಕ್ಕೆ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. 2022ರಲ್ಲಿ ರಾಜ್ಯದ 150 ಐಟಿಐಗಳನ್ನು ಕೋಟಿಗಟ್ಟಲೆ ಖರ್ಚಿನಲ್ಲಿ ಮೇಲ್ದರ್ಜೆಗೇರಿಸಿದ್ದು ಒಳ್ಳೆಯದೇ. ಆದರೆ ಕಲಿತು ಹೊರಬಂದವನು ಹೋಗಬೇಕಾದ್ದು ಎಲ್ಲಿಗೆ?

ಇದಕ್ಕೊಂದು ಹಳೆಯ ಕಾನೂನಿನಲ್ಲಿ ಉತ್ತರವಿದೆ. 1961ರ ಅಪ್ರೆಂಟಿಸ್ ಕಾಯ್ದೆಯ ಈಗಿನ ನಿಯಮದಂತೆ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ, ಗುತ್ತಿಗೆಯವರನ್ನೂ ಲೆಕ್ಕಕ್ಕೆ ಹಿಡಿದು, ಶೇ. 2.5ರಿಂದ 15ರಷ್ಟು ಅಪ್ರೆಂಟಿಸರನ್ನು ಇಟ್ಟುಕೊಳ್ಳಲೇಬೇಕು. ಇದು ಉಸ್ತಾದ್-ಶಾಗಿರ್ದ್ ಸಂಬಂಧವೇ. ಆದರೆ ಭತ್ಯೆ ಇದೆ, ಕಾಗದ ಇದೆ, ಕಾನೂನಿನ ಬಲ ಇದೆ. ಆ ಶಾಗಿರ್ದರಲ್ಲಿ ವಾಡಿಯವರೆಷ್ಟು, ಚಿಂಚೋಳಿಯವರೆಷ್ಟು ಎಂದು ನಮ್ಮ ಪ್ರತಿನಿಧಿಗಳನ್ನು ನಾವು ಎಂದಾದರೂ ಕೇಳಿದ್ದೇವೆಯೇ?

ಸರ್ಕಾರವನ್ನಷ್ಟೇ ದೂರಿ ಕೈ ತೊಳೆದುಕೊಳ್ಳುವಂತಿಲ್ಲ. ಮುಸ್ಲಿಂ ದುಡಿಮೆಗಾರರು ಸಂಬಳದ ಕೆಲಸಕ್ಕಿಂತ ಸ್ವಂತ ದುಡಿಮೆ, ಬೀದಿ ವ್ಯಾಪಾರಗಳಲ್ಲೇ ಹೆಚ್ಚಾಗಿದ್ದಾರೆಂದು 2006ರಲ್ಲೇ ಸಾಚಾರ್ ವರದಿ ತೋರಿಸಿಕೊಟ್ಟಿತು. ಅದನ್ನು ನಾವು ಸಭೆ ಸಭೆಗಳಲ್ಲಿ ಉದ್ಧರಿಸಿದೆವು. ಮಾಡಿದ್ದೇನು? ಹೊಲಿಗೆ ಯಂತ್ರ ವಿತರಣೆ. ವೇದಿಕೆ, ಹಾರ, ಫೋಟೊ. ಯಂತ್ರ ಪಡೆದ ವಿಧವೆಗೆ ಬಟ್ಟೆ ಯಾರು ಕೊಡುತ್ತಾರೆ, ಹೊಲಿದದ್ದನ್ನು ಯಾರು ಕೊಳ್ಳುತ್ತಾರೆ ಎಂದು ಮರುದಿನ ಹೋಗಿ ಕೇಳಿದವರು ಎಷ್ಟು ಮಂದಿ? ಕೆಲವೇ ತಿಂಗಳಲ್ಲಿ ಆ ಯಂತ್ರ ಮಾರಾಟವಾದರೆ ಅವಳನ್ನೇ ದೂರುತ್ತೇವೆ. ಸರ್ಕಾರ ಪ್ರಮಾಣಪತ್ರದಲ್ಲಿ ನಿಂತರೆ ನಾವು ಫೋಟೊದಲ್ಲಿ ನಿಂತೆವು, ಅಷ್ಟೇ ವ್ಯತ್ಯಾಸ.

ಊರಿನ ಜಮಾಅತ್, ಸಂಘಟನೆ, ಕನ್ನಡಪರ ಗೆಳೆಯರು ಎಲ್ಲರೂ ಸೇರಿ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಐಟಿಐ ಅರ್ಜಿ ತುಂಬಿಸುವುದು, ಅಪ್ರೆಂಟಿಸ್ ನೋಂದಣಿಗೆ ಹುಡುಗ ಹುಡುಗಿಯರನ್ನು ಕರೆದೊಯ್ಯುವುದು, ಉರ್ದು ಶಾಲೆಯಿಂದ ಬಂದವರಿಗೆ ಕನ್ನಡದ ಅರ್ಜಿ ಓದಿ ಹೇಳುವುದು. ಮತ್ತೆ ಒಂದು ವರ್ಷದ ನಂತರ ಹೋಗಿ, 'ಬೇಟಾ, ಕೆಲಸದಲ್ಲಿದ್ದೀಯಾ?' ಎಂದು ಕೇಳುವುದು.

ಎಷ್ಟು ಜನ ಕಲಿತರು ಎಂಬ ಲೆಕ್ಕ ಸಾಕು. ಎಷ್ಟು ಜನ ಗೇಟು ದಾಟಿದರು ಎಂಬ ಲೆಕ್ಕ ಶುರುವಾಗಲಿ.